ಒಂದು ಸೆಕೆಂಡೂ ಅಲ್ಲ: ಗ್ರೀನಿಚ್‌ನ ಕಿನ್ನೆಬ್ರೂಕ್ ಪ್ರಕರಣ

1796ರ ಶುರುವಿನಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ಯುವಕನ ಕೆಲಸ ಹೋಯಿತು. ಅವನು ಕದ್ದಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಕೆಲಸದಿಂದ ತೆಗೆದ ಯಜಮಾನನೇ, ಉಳಿದ ವಿಷಯಗಳಲ್ಲಿ ಇವನು ಶ್ರದ್ಧೆಯವನು, ಉಪಯೋಗಕ್ಕೆ ಬರುವವನು ಎಂದು ಬರೆದಿಟ್ಟಿದ್ದಾನೆ. ದೂರು ಒಂದೇ ಒಂದು. ದೂರದರ್ಶಕದೊಳಗೆ ನಕ್ಷತ್ರ ತಂತಿ ದಾಟಿದ ಹೊತ್ತನ್ನು ಅವನು 0.8 ಸೆಕೆಂಡ್ ತಡವಾಗಿ ಬರೆಯುತ್ತಿದ್ದ.

ಮನಶ್ಶಾಸ್ತ್ರ ಓದಿದವರಿಗೆಲ್ಲ ಒಂದು ಇಸವಿ ಬಾಯಿಪಾಠ ಇರುತ್ತದೆ: 1879, ಲೈಪ್ಜಿಗ್, ವಿಲ್‌ಹೆಲ್ಮ್ ವುಂಟ್, ಮೊದಲ ಪ್ರಯೋಗಾಲಯ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಮನಸ್ಸನ್ನು ಅಳೆಯಬಹುದು ಅನ್ನುವ ಯೋಚನೆ ಆ ಇಸವಿಯಲ್ಲಿ ಧುತ್ತನೆ ಇಳಿದು ಬಂದದ್ದಲ್ಲ. ಅದರ ಹಿಂದೆ 80 ವರ್ಷಗಳ ಒಂದು ಎಳೆ ಇದೆ. ಆ ಎಳೆಯ ತುದಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಕೆಲಸ ಕಳೆದುಕೊಂಡ ಈ ಹುಡುಗ. ಅವನಿಗೆ ಮನಶ್ಶಾಸ್ತ್ರ ಗೊತ್ತಿರಲಿಲ್ಲ. ಅವನ ಯಜಮಾನನಿಗೂ ಗೊತ್ತಿರಲಿಲ್ಲ.

ರಾತ್ರಿಯ ಕೆಲಸ

ಗ್ರೀನಿಚ್ ವೀಕ್ಷಣಾಲಯ ಹುಟ್ಟಿದ್ದು 1675ರಲ್ಲಿ, ಹಡಗಿನವರ ಅನುಕೂಲಕ್ಕಾಗಿ. ನಡು ಸಮುದ್ರದಲ್ಲಿ ತಾವು ಎಲ್ಲಿದ್ದೇವೆ ಎಂದು ತಿಳಿಯಲು ಅವರಿಗೆ ಆಕಾಶದ ಪಕ್ಕಾ ಲೆಕ್ಕ ಬೇಕಿತ್ತು. 1765ರಲ್ಲಿ ನೆವಿಲ್ ಮ್ಯಾಸ್ಕೆಲಿನ್ ಇಲ್ಲಿನ ಮುಖ್ಯಸ್ಥನಾದ. ನಾವಿಕರ ಪಂಚಾಂಗವನ್ನು ವರ್ಷ ವರ್ಷ ಹೊರಡಿಸುವ ಪದ್ಧತಿ ಶುರು ಮಾಡಿದವನು ಇವನೇ. ಮೊದಲ ಪಂಚಾಂಗ 1767ನೇ ವರ್ಷಕ್ಕೆ ಬಂತು. ಆ ಪಂಚಾಂಗದ ಅಂಕಿಗಳೆಲ್ಲ ಕೊನೆಗೆ ಹೋಗಿ ನಿಲ್ಲುವುದು ವೀಕ್ಷಣಾಲಯದ ಒಂದು ಗಡಿಯಾರದ ಮೇಲೆ. ಆ ಗಡಿಯಾರ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ನೋಡುವುದು ನಕ್ಷತ್ರಗಳಿಂದ. ಗೊತ್ತಿರುವ ಒಂದು ನಕ್ಷತ್ರ ಸರಿಯಾಗಿ ದಕ್ಷಿಣೋತ್ತರ ಗೆರೆ ದಾಟಿದಾಗ ಗಡಿಯಾರ ಎಷ್ಟು ತೋರಿಸಿತು? ಇಷ್ಟನ್ನು ಬರೆದುಕೊಳ್ಳಬೇಕು. ರಾತ್ರಿ ರಾತ್ರಿ ಬರೆದುಕೊಳ್ಳಬೇಕು.

ಬರೆಯುವವನು ಬಹುಪಾಲು ಸಹಾಯಕ. ಇದ್ದದ್ದು ಒಬ್ಬನೇ ಸಹಾಯಕ. ಕಿನ್ನೆಬ್ರೂಕ್ ನಾರಿಚ್ ಊರಿನ ಶಾಲಾ ಮೇಷ್ಟ್ರ ಮಗ. 1794ರಲ್ಲಿ ಇಲ್ಲಿಗೆ ಬಂದಾಗ ಇನ್ನೂ ಇಪ್ಪತ್ತರ ಆಸುಪಾಸು. ಆ ಹುದ್ದೆ ಹೇಗಿತ್ತು ಅನ್ನುವುದಕ್ಕೆ ಅದೇ ಕಾಲದ ಇನ್ನೊಬ್ಬ ಸಹಾಯಕ ಥಾಮಸ್ ಎವನ್ಸ್ ಹೇಳಿದ ಮಾತು ಉಳಿದಿದೆ. ಅಲ್ಲಿನ ಬೇಸರಕ್ಕೆ ಸಮನಾದ ಬೇಸರ ಬೇರೆ ಇಲ್ಲವಂತೆ. ಜೊತೆಗೆ ಮನುಷ್ಯರು ಯಾರೂ ಇಲ್ಲ, ಗೋಡೆಯ ಬಿಲದಿಂದ ಆಗಾಗ ಹೊರಗೆ ಬರುವ ಒಂದು ಬಡ ಇಲಿ ಬಿಟ್ಟರೆ. ಹಗಲೆಲ್ಲ ಲೆಕ್ಕ, ರಾತ್ರಿ ಆಕಾಶ. ಕಿನ್ನೆಬ್ರೂಕ್‌ನ ದಿನಚರಿಯೂ ಇದಕ್ಕಿಂತ ಬೇರೆ ಇದ್ದಿರಲಾರದು.

ಈಗ ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪ್ರಕರಣ ಇರುವುದೆಲ್ಲ ಅದರೊಳಗೇ.

ದೂರದರ್ಶಕ ದಕ್ಷಿಣೋತ್ತರವಾಗಿ ಭದ್ರವಾಗಿ ನಿಂತಿದೆ. ಮೇಲೆ ಕೆಳಗೆ ಆಡುತ್ತದೆ, ಅಕ್ಕಪಕ್ಕ ಆಡುವುದಿಲ್ಲ. ಕಣ್ಣಿಡುವ ಕಡೆ, ನೋಟದ ನಡುವೆ, ಐದು ಸಣ್ಣ ತಂತಿಗಳನ್ನು ಸಾಲಾಗಿ ನೆಟ್ಟಗೆ ಎಳೆದಿದ್ದಾರೆ. ಭೂಮಿ ತಿರುಗುವುದರಿಂದ ನಕ್ಷತ್ರ ಒಂದು ಬದಿಯಿಂದ ಬಂದು ಒಂದೊಂದೇ ತಂತಿ ದಾಟಿ ಇನ್ನೊಂದು ಬದಿಗೆ ಹೋಗುತ್ತದೆ. ದೂರದರ್ಶಕ ಎಲ್ಲವನ್ನೂ ಹಿಗ್ಗಿಸುವುದರಿಂದ ಅದು ಓಡುವುದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಲ್ಲಿ ಲೋಲಕದ ಗಡಿಯಾರ, ಸೆಕೆಂಡಿಗೊಮ್ಮೆ ಟಕ್ ಅನ್ನುತ್ತದೆ.

ಸಹಾಯಕ ಮೊದಲು ಗಡಿಯಾರ ನೋಡಿ ಸೆಕೆಂಡ್ ಎಷ್ಟು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. 20 ಅಂತಿಟ್ಟುಕೊಳ್ಳಿ. ತಕ್ಷಣ ಕಣ್ಣು ದೂರದರ್ಶಕಕ್ಕೆ. ಅಲ್ಲಿಂದ ಕಿವಿಯೇ ಗಡಿಯಾರ: 21, 22, 23. 24 ಎಂದಾಗ ನಕ್ಷತ್ರ ತಂತಿಯ ಈಚೆ ಇತ್ತು. 25 ಎಂದಾಗ ಆಚೆ ಹೋಗಿತ್ತು. ಅದು ತಂತಿಯಿಂದ ಈಚೆ ಎಷ್ಟು ದೂರ ಇತ್ತು, ಆಚೆ ಎಷ್ಟು ದೂರ ಹೋಯಿತು? ಈಚೆ ಮೂರು ಪಾಲು, ಆಚೆ ಏಳು ಪಾಲು ಅನ್ನಿಸಿದರೆ ದಾಟಿದ ಹೊತ್ತು 24.3. ಹೀಗೆ ಐದೂ ತಂತಿಗೆ ಮಾಡಬೇಕು, ಎಣಿಕೆ ತಪ್ಪಬಾರದು, ನಡುವೆ ಬರೆದುಕೊಳ್ಳಲೂ ಬೇಕು. ಆಮೇಲೆ ಸರಾಸರಿ.

ಇದಕ್ಕೆ ಕಣ್ಣು-ಕಿವಿ ವಿಧಾನ ಎಂದು ಹೆಸರು. ಗ್ರೀನಿಚ್‌ನಲ್ಲಿ ಹಿಂದೆ ಮುಖ್ಯಸ್ಥನಾಗಿದ್ದ ಜೇಮ್ಸ್ ಬ್ರಾಡ್ಲಿ ಇದನ್ನು ರೂಢಿಗೆ ತಂದಿದ್ದ. ಚೆನ್ನಾಗಿ ಪಳಗಿದವನಿಗೆ ಇದರಲ್ಲಿ ಒಂದೆರಡು ಹತ್ತಂಶ ಸೆಕೆಂಡಿಗಿಂತ ಜಾಸ್ತಿ ತಪ್ಪು ಬರುವುದಿಲ್ಲ ಎಂದು ಖಗೋಳದವರೆಲ್ಲ ನಂಬಿದ್ದರು.

ನಂಬಿಕೆಯ ಅಡಿಯಲ್ಲಿ ಇನ್ನೊಂದು ನಂಬಿಕೆ ಇತ್ತು. ಟಕ್ ಅಂದ ಕ್ಷಣಕ್ಕೆ ನಕ್ಷತ್ರ ಎಲ್ಲಿತ್ತೋ ಅಲ್ಲೇ ಎಲ್ಲರಿಗೂ ಕಾಣುತ್ತದೆ, ಕಣ್ಣಿಗೆ ಬಿದ್ದದ್ದು ಕಿವಿಗೆ ಬಿದ್ದದ್ದು ಎರಡೂ ಆಗಲೇ ಒಳಗೆ ಸೇರಿಬಿಡುತ್ತವೆ, ನಡುವೆ ಹೊತ್ತು ಹಿಡಿಯುವುದೇ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ದೂರು

1795ರ ವೀಕ್ಷಣೆಗಳ ಸಂಪುಟದಲ್ಲಿ ಮ್ಯಾಸ್ಕೆಲಿನ್ ಈ ಪ್ರಕರಣವನ್ನು ತಾನೇ ದಾಖಲಿಸಿದ್ದಾನೆ. ಅವನ ಮಾತಿನ ಸಾರ ಇಷ್ಟು: 1794 ಪೂರ್ತಿ, 1795ರ ಹೆಚ್ಚಿನ ಭಾಗ, ಕಿನ್ನೆಬ್ರೂಕ್‌ನ ಅಂಕಿಗಳು ನನ್ನ ಅಂಕಿಗಳ ಜೊತೆ ಚೆನ್ನಾಗಿ ಹೊಂದುತ್ತಿದ್ದವು. 1795ರ ಆಗಸ್ಟ್‌ನಿಂದ ಅವನು ಅರ್ಧ ಸೆಕೆಂಡ್ ತಡವಾಗಿ ಬರೆಯತೊಡಗಿದ. 1796ರ ಜನವರಿ ಹೊತ್ತಿಗೆ ತಪ್ಪು 0.8 ಸೆಕೆಂಡ್ ಆಯಿತು. ನಾನು ಗಮನಿಸುವ ಮೊದಲೇ ಬಹಳ ದಿನ ಈ ತಪ್ಪಿನಲ್ಲೇ ಮುಂದುವರಿದಿದ್ದ, ಇದರಿಂದ ಹೊರಗೆ ಬರುತ್ತಾನೆ ಅನ್ನಿಸಲಿಲ್ಲ, ಆದ್ದರಿಂದ ಮನಸ್ಸಿಲ್ಲದಿದ್ದರೂ ಅವನನ್ನು ಬಿಟ್ಟೆ. ಬ್ರಾಡ್ಲಿಯ ವಿಧಾನ ಬಿಟ್ಟು ಹುಡುಗ ತನ್ನದೇ ಯಾವುದೋ ಗೊಂದಲದ ದಾರಿ ಹಿಡಿದಿರಬೇಕು ಎಂದು ಮ್ಯಾಸ್ಕೆಲಿನ್ ಊಹಿಸಿದ್ದ.

ಪಠ್ಯಪುಸ್ತಕಗಳಲ್ಲಿ ಈ ಕಥೆ ಸ್ವಲ್ಪ ಬಣ್ಣ ಹಚ್ಚಿಕೊಂಡು ಬರುತ್ತದೆ. ಆಗಸ್ಟ್‌ನಲ್ಲೇ ಎಚ್ಚರಿಸಿದರು, ಹುಡುಗ ತಿದ್ದಿಕೊಳ್ಳಲು ಒದ್ದಾಡಿದ, ತಪ್ಪು ಇನ್ನೂ ಜಾಸ್ತಿಯಾಯಿತು, ಸಿಟ್ಟಿನ ಯಜಮಾನ ಹೊರಗೆ ಹಾಕಿದ, ಹೀಗೆ. ಕೇಳಲು ಚೆನ್ನಾಗಿದೆ. ಆದರೆ ಮ್ಯಾಸ್ಕೆಲಿನ್‌ನ ಮಾತು ನೋಡಿದರೆ ಅವನು ಗಮನಿಸಿದ್ದೇ ತಡವಾಗಿ. ಅವನನ್ನು ಖಳನಾಯಕ ಮಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅವನಿಗಿದ್ದ ಚಿಂತೆ ಸುಳ್ಳಲ್ಲ. ಭೂಮಧ್ಯರೇಖೆಯಲ್ಲಿ ನೆಲ ಸೆಕೆಂಡಿಗೆ ಸುಮಾರು 460 ಮೀಟರ್ ತಿರುಗುತ್ತದೆ. ಗಡಿಯಾರದಲ್ಲಿ 0.8 ಸೆಕೆಂಡ್ ಹೆಚ್ಚುಕಡಿಮೆ ಅಂದರೆ ಅಲ್ಲಿ ಸುಮಾರು 370 ಮೀಟರ್ ಅತ್ತಿತ್ತ. ತಿಂಗಳುಗಟ್ಟಲೆ ಬರೆದ ಅಂಕಿಗಳು ಕೆಟ್ಟವು ಎಂದರೆ ಯಾವ ಯಜಮಾನನಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ನನಗೆ ಕಾಡುವುದು ಬೇರೆ ವಿಷಯ. ಆ 0.8 ಎಲ್ಲಿಂದ ಬಂತು?

ಕಿನ್ನೆಬ್ರೂಕ್ ನೋಡಿದ ರಾತ್ರಿಗಳ ಲೆಕ್ಕಕ್ಕೂ ಮ್ಯಾಸ್ಕೆಲಿನ್ ನೋಡಿದ ರಾತ್ರಿಗಳ ಲೆಕ್ಕಕ್ಕೂ ಗಡಿಯಾರದ ತಿದ್ದುಪಡಿ ಬೇರೆ ಬೇರೆ ಬರುತ್ತಿತ್ತು. ಅಷ್ಟೇ. ಅಂದರೆ ಅದು ಒಬ್ಬನ ಅಂಕಿ ಅಲ್ಲ, ಇಬ್ಬರ ನಡುವಿನ ಅಂತರ. ತಕ್ಕಡಿ ವಾಲಿತು ಎಂದರೆ ಎರಡು ತಟ್ಟೆಯಲ್ಲಿ ಏನೋ ಹೆಚ್ಚುಕಡಿಮೆ ಇದೆ ಎಂದು ಗೊತ್ತಾಗುತ್ತದೆ. ಯಾವ ತಟ್ಟೆಯದು ತಪ್ಪು ಅಂತ ತಕ್ಕಡಿ ಹೇಳುವುದಿಲ್ಲ. ಮ್ಯಾಸ್ಕೆಲಿನ್‌ಗೆ ಆಗ 60 ದಾಟಿತ್ತು. ಹುಡುಗ ತಡ ಮಾಡತೊಡಗಿದನೋ, ಮುದುಕ ಬೇಗ ಬರೆಯತೊಡಗಿದನೋ, ಇಬ್ಬರೂ ಒಂದಿಷ್ಟು ಕದಲಿದರೋ, ಆ ಅಂಕಿಗಳಿಂದ ಹೇಳಲು ಆಗುವುದಿಲ್ಲ. ಮೂರನೆಯವನೊಬ್ಬ ಕೂತು ನೋಡಿದ್ದರೆ ಆಗುತ್ತಿತ್ತು. ಮ್ಯಾಸ್ಕೆಲಿನ್ ತನ್ನ ಕಣ್ಣನ್ನೇ ಸೊನ್ನೆ ಎಂದು ಇಟ್ಟುಕೊಂಡ. ಅವನೇ ಮುಖ್ಯಸ್ಥ. ಸೊನ್ನೆ ಯಾವಾಗಲೂ ಮುಖ್ಯಸ್ಥರ ಕಡೆಯೇ ಇರುತ್ತದೆ.

ಕಿನ್ನೆಬ್ರೂಕ್ 1802ರಲ್ಲಿ ತೀರಿಕೊಂಡ. ತನ್ನ ಹೆಸರು ಮುಂದೆ ಪಠ್ಯಪುಸ್ತಕ ಸೇರುತ್ತದೆ ಎಂದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಒಂದೇ ಊರಿನ ಮೂವರು

ಇಪ್ಪತ್ತು ವರ್ಷ ಈ ವಿಷಯ ಸಂಪುಟದೊಳಗೆ ಧೂಳು ತಿಂದಿತು. 1816ರಲ್ಲಿ ಜರ್ಮನ್ ಖಗೋಳ ಪತ್ರಿಕೆಯೊಂದರಲ್ಲಿ ಗ್ರೀನಿಚ್‌ನ ಚರಿತ್ರೆ ಬಂತು, ಅದರಲ್ಲಿ ಈ ಕೆಲಸ ಹೋದ ಪ್ರಸಂಗವೂ ಇತ್ತು. ಕೋನಿಗ್ಸ್‌ಬರ್ಗ್‌ನಲ್ಲಿ ಫ್ರೀಡ್ರಿಶ್ ಬೆಸೆಲ್ ಎಂಬ ಖಗೋಳಶಾಸ್ತ್ರಜ್ಞ ಇದ್ದ. ಹುಡುಗನಾಗಿದ್ದಾಗ ಬ್ರೆಮೆನ್‌ನ ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು, ಖಗೋಳವನ್ನು ಸ್ವಂತವಾಗಿ ಕಲಿತವನು. ಕಿನ್ನೆಬ್ರೂಕ್ ಕಥೆಯಲ್ಲಿ ಉಳಿದವರಿಗೆ ಕಂಡದ್ದು ಒಬ್ಬ ಸಹಾಯಕನ ತಪ್ಪು. ಬೆಸೆಲ್‌ಗೆ ಬೇರೇನೋ ಕಂಡಿತು. ಒಬ್ಬ ಪಳಗಿದ ಮನುಷ್ಯ, ಶ್ರದ್ಧೆಯಿಂದ ನೋಡಿಯೂ, ಇಷ್ಟು ದೊಡ್ಡ ತಪ್ಪನ್ನು ಒಂದೇ ದಿಕ್ಕಿನಲ್ಲಿ ಮಾಡುತ್ತಾ ಹೋಗುತ್ತಾನೆ ಅಂದರೆ ಅದು ಅಜಾಗ್ರತೆ ಹೇಗಾಗುತ್ತದೆ? ಅಜಾಗ್ರತೆಯಾದರೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಆಗಬೇಕಲ್ಲ.

1820ರ ಚಳಿಗಾಲದಲ್ಲಿ ವಾಲ್ಬೆಕ್ ಎಂಬ ಇನ್ನೊಬ್ಬ ಖಗೋಳಶಾಸ್ತ್ರಜ್ಞ ಕೋನಿಗ್ಸ್‌ಬರ್ಗ್‌ಗೆ ಬಂದಾಗ ಬೆಸೆಲ್ ಅವನನ್ನು ಜೊತೆಗೆ ಕೂರಿಸಿಕೊಂಡ. ಹತ್ತು ನಕ್ಷತ್ರ ಆರಿಸಿಕೊಂಡರು. ಒಂದು ರಾತ್ರಿ ಐದನ್ನು ಒಬ್ಬ, ಐದನ್ನು ಇನ್ನೊಬ್ಬ. ಮರುರಾತ್ರಿ ಅದಲು ಬದಲು. ಉತ್ತರ ಬಂದಾಗ ಬೆಸೆಲ್‌ಗೇ ಆಶ್ಚರ್ಯ. ಅವನು ವಾಲ್ಬೆಕ್‌ಗಿಂತ 1.041 ಸೆಕೆಂಡ್ ಮೊದಲೇ ಬರೆಯುತ್ತಿದ್ದ, ರಾತ್ರಿಯಿಂದ ರಾತ್ರಿಗೆ ಹೆಚ್ಚೇನೂ ಬದಲಾಗದೆ. ಕಿನ್ನೆಬ್ರೂಕ್‌ನ ಕೆಲಸ ಹೋದದ್ದು 0.8ಕ್ಕೆ. ಇಲ್ಲಿ ಯುರೋಪಿನ ಅತಿ ನಾಜೂಕಿನ ವೀಕ್ಷಕ ಎಂದು ಹೆಸರಾದವನಿಗೂ ಅವನ ಅತಿಥಿಗೂ ನಡುವೆ ಒಂದು ಸೆಕೆಂಡ್ ದಾಟಿದ ಅಂತರ! 1823ರಲ್ಲಿ ಆರ್ಗೆಲಾಂಡರ್ ಎಂಬ ಮತ್ತೊಬ್ಬ ಖಗೋಳಶಾಸ್ತ್ರಜ್ಞನ ಜೊತೆ ನೋಡಿದಾಗ 1.223 ಬಂತು.

ಬೆಸೆಲ್ ಮಾಡಿದ ದೊಡ್ಡ ಕೆಲಸ ಅಳತೆಗಿಂತ ಬರವಣಿಗೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅವನು 'ವಾಲ್ಬೆಕ್‌ನ ತಪ್ಪು' ಎಂದು ಬರೆಯಲಿಲ್ಲ. ಸಮೀಕರಣ ಬರೆದ: ಬೆಸೆಲ್ ಕಳೆ ವಾಲ್ಬೆಕ್ ಇಷ್ಟು, ಆರ್ಗೆಲಾಂಡರ್ ಕಳೆ ಬೆಸೆಲ್ ಇಷ್ಟು. ಮುಖ್ಯಸ್ಥನ ಹೆಸರೂ ಲೆಕ್ಕದೊಳಗೆ ಬಂತು. ಸೊನ್ನೆಯ ಜಾಗ ಖಾಲಿಯಾಯಿತು. ಇದಕ್ಕೆ ಮುಂದೆ ವೈಯಕ್ತಿಕ ಸಮೀಕರಣ ಎಂದು ಹೆಸರು ಬಿತ್ತು. ವೀಕ್ಷಣಾಲಯಗಳು ತಮ್ಮ ತಮ್ಮ ವೀಕ್ಷಕರ ಅಂತರಗಳನ್ನು ಪಟ್ಟಿ ಮಾಡಿ, ಲೆಕ್ಕದಲ್ಲಿ ಕಳೆದು ಕೂಡಿಸತೊಡಗಿದವು.

ಆದರೆ ಅದೂ ಒಂದೇ ಸಮ ಇರುತ್ತಿರಲಿಲ್ಲ. ಬೆಸೆಲ್‌ಗೂ ಸ್ಟ್ರೂವೆ ಎಂಬ ಖಗೋಳಶಾಸ್ತ್ರಜ್ಞನಿಗೂ ನಡುವಿನ ಅಂತರ 1814ರಲ್ಲಿ ಹತ್ತಿರ ಹತ್ತಿರ ಸೊನ್ನೆ, 1821ರಲ್ಲಿ 0.8, 1823ರಲ್ಲಿ 1 ಸೆಕೆಂಡ್. ಗ್ರೀನಿಚ್‌ನಲ್ಲಿ ಆದ ಹಾಗೆಯೇ: ಮೊದಲು ಹೊಂದಿಕೆ, ಆಮೇಲೆ ಅಂತರ, ಆಮೇಲೆ ಇನ್ನೂ ದೊಡ್ಡ ಅಂತರ. ಸ್ಟ್ರೂವೆಯನ್ನು ಕೆಲಸದಿಂದ ತೆಗೆಯಲು ಯಾರೂ ಇರಲಿಲ್ಲ, ಅವನೇ ಒಂದು ವೀಕ್ಷಣಾಲಯದ ಮುಖ್ಯಸ್ಥ.

ಕೋನಿಗ್ಸ್‌ಬರ್ಗ್ ಬಗ್ಗೆ ಒಂದು ಮಾತು. ಈಗ ಅದು ರಷ್ಯಾದ ಕಲಿನಿನ್‌ಗ್ರಾದ್. ಅದೇ ಊರಿನಲ್ಲಿ ಹುಟ್ಟಿ, ಅದೇ ಊರಿನಲ್ಲಿ ಪಾಠ ಹೇಳಿ, ಅಲ್ಲೇ ತೀರಿಕೊಂಡ ತತ್ವಜ್ಞಾನಿ ಕಾಂಟ್. 1786ರಲ್ಲಿ ಅವನು ಮನಸ್ಸಿನ ಅಧ್ಯಯನ ಎಂದಿಗೂ ಸರಿಯಾದ ಅರ್ಥದಲ್ಲಿ ವಿಜ್ಞಾನ ಆಗಲಾರದು ಎಂದು ಬರೆದಿದ್ದ. ಒಳಗಿನ ಅನುಭವಕ್ಕೆ ಗಣಿತ ಹತ್ತುವುದಿಲ್ಲ ಎಂಬುದು ಅವನ ಒಂದು ಕಾರಣ. ಕಾಂಟ್ ಇದ್ದ ಊರಲ್ಲೇ ಬೆಸೆಲ್ 1.041 ಎಂದು ಬರೆದ. ಬೆಸೆಲ್ ತೀರಿಕೊಂಡ ಮೂರು ವರ್ಷಕ್ಕೆ, 1849ರಲ್ಲಿ, ಹೆರ್ಮಾನ್ ಹೆಲ್ಮ್‌ಹೋಲ್ಟ್ಸ್ ಅದೇ ಊರಿಗೆ ಶರೀರಶಾಸ್ತ್ರದ ಪ್ರೊಫೆಸರ್ ಆಗಿ ಬಂದ.

ನರದಲ್ಲಿ ಸುದ್ದಿ ಓಡುವ ವೇಗವನ್ನು ಅಳೆಯಲು ಎಂದಿಗೂ ಆಗಲಿಕ್ಕಿಲ್ಲ ಎಂದು ಹೆಲ್ಮ್‌ಹೋಲ್ಟ್ಸ್‌ನ ಗುರು ಯೊಹಾನೆಸ್ ಮ್ಯುಲರ್ ಹೇಳಿದ್ದ. ಶಿಷ್ಯ ಕಪ್ಪೆಯ ಕಾಲಿನ ಸ್ನಾಯು ಮತ್ತು ಅದಕ್ಕೆ ಅಂಟಿದ ನರ ತೆಗೆದುಕೊಂಡ. ಸ್ನಾಯುವಿನ ಹತ್ತಿರ ಒಂದು ಕಡೆ ವಿದ್ಯುತ್ ಮುಟ್ಟಿಸಿ, ಸ್ನಾಯು ಎಳೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದ. ನರದ ಮೇಲೆ ಸ್ವಲ್ಪ ದೂರದಲ್ಲಿ ಮುಟ್ಟಿಸಿ ಮತ್ತೆ ನೋಡಿದ. ಎರಡನೇ ಸಲ ಜಾಸ್ತಿ ಹಿಡಿದ ಹೊತ್ತು ಆ ದೂರ ದಾಟಲು ಬೇಕಾದದ್ದು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 27 ಮೀಟರ್. ಬೆಳಕಿನ ವೇಗದ ಮಾತು ಹಾಗಿರಲಿ, ಗಾಳಿಯಲ್ಲಿ ಹೋಗುವ ಸದ್ದಿನ ವೇಗಕ್ಕೂ ಸಾಲದು.

ಗ್ರೀನಿಚ್‌ನವರ ಆ ಬಾಯಿಬಿಡದ ನಂಬಿಕೆಗೆ ಇಲ್ಲಿ ಪೆಟ್ಟು ಬಿತ್ತು. ನೋಡುವುದಕ್ಕೂ ಕೇಳುವುದಕ್ಕೂ ಹೊತ್ತು ಹಿಡಿಯುತ್ತದೆ.

ಸ್ಕೇಲು ಹಿಡಿಯುವ ಆಟ

ಆಮೇಲಿನ 20 ವರ್ಷ ಬೇಗ ಬೇಗ ನಡೆಯಿತು. ಅಮೆರಿಕದಲ್ಲಿ ಗುಂಡಿ ಒತ್ತಿದರೆ ತಿರುಗುವ ಉರುಳೆಯ ಮೇಲೆ ಗುರುತು ಬೀಳುವ ಯಂತ್ರ ಬಂತು. 1854ರಲ್ಲಿ ಗ್ರೀನಿಚ್ ಕೂಡ ಅದನ್ನು ಹಾಕಿಸಿಕೊಂಡಿತು. ಕಿವಿಯ ಕೆಲಸ ತಪ್ಪಿತು, ಅಂತರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮಥಿಯಾಸ್ ಹಿಪ್ ಎಂಬ ಗಡಿಯಾರದವನು ಸೆಕೆಂಡಿನ ಸಾವಿರದಲ್ಲೊಂದು ಭಾಗ ತೋರಿಸುವ ಗಡಿಯಾರ ಮಾಡಿದ್ದ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಹಿರ್ಷ್ 1860ರ ದಶಕದ ಶುರುವಿನಲ್ಲಿ ಅದರಿಂದ ಮನುಷ್ಯರನ್ನು ಅಳೆದ. ಸದ್ದು ಕೇಳಿ ಕೈ ಆಡಿಸಲು ಸುಮಾರು 0.15 ಸೆಕೆಂಡ್, ಬೆಳಕು ಕಂಡು ಆಡಿಸಲು ಸುಮಾರು 0.20. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಶರೀರಶಾಸ್ತ್ರಜ್ಞ ಡೋಂಡರ್ಸ್ ಮತ್ತೂ ಒಂದು ಹೆಜ್ಜೆ ಮುಂದೆ ಹೋದ. ಕಾಲಿಗೆ ವಿದ್ಯುತ್ ಚುರುಕು ಮುಟ್ಟಿಸುವುದು. ಯಾವ ಕಾಲು ಎಂದು ಮೊದಲೇ ಹೇಳಿದರೆ ಇಷ್ಟು ಹೊತ್ತು, ಹೇಳದೆ ಮುಟ್ಟಿಸಿ ಅದೇ ಕಡೆಯ ಕೈ ಆಡಿಸು ಎಂದರೆ ಅಷ್ಟು ಹೊತ್ತು. ಎರಡರ ನಡುವೆ ಸೆಕೆಂಡಿನ 15ನೇ ಒಂದು ಭಾಗದ ಅಂತರ. ಎಡವೋ ಬಲವೋ ಎಂದು ತೀರ್ಮಾನ ಮಾಡಲು ಮನಸ್ಸು ತೆಗೆದುಕೊಂಡ ಹೊತ್ತು ಅದು. ಕಾಂಟ್ ಬೇಡವೆಂದಿದ್ದ ಗಣಿತ, ಬರೀ ಒಂದು ಕಳೆಯುವ ಲೆಕ್ಕವಾಗಿ ಒಳಗೆ ಬಂತು.

ಬೇಕಾದರೆ ಮನೆಯಲ್ಲೇ ನೋಡಬಹುದು. ಯಾರಾದರೂ 30 ಸೆಂಟಿಮೀಟರ್ ಸ್ಕೇಲನ್ನು ಮೇಲೆ ಹಿಡಿದುಕೊಳ್ಳಲಿ. ನೀವು ಕೆಳಗೆ, ಸೊನ್ನೆಯ ಗುರುತಿನ ಎರಡೂ ಬದಿಗೆ, ಬೆರಳು ತಾಗಿಸದೆ ಇಟ್ಟುಕೊಳ್ಳಿ. ಹೇಳದೆ ಕೇಳದೆ ಬಿಟ್ಟಾಗ ಹಿಡಿಯಿರಿ. 15 ಸೆಂಟಿಮೀಟರಿಗೆ ಹಿಡಿದರೆ ಸುಮಾರು 0.17 ಸೆಕೆಂಡ್, 20ಕ್ಕೆ ಹಿಡಿದರೆ ಸುಮಾರು 0.20. ಸ್ಕೇಲು ಪೂರ್ತಿ ಜಾರಿ ಹೋದರೂ ಆದದ್ದು ಕಾಲು ಸೆಕೆಂಡ್ ಮಾತ್ರ.

ಈ ಕಾಲು ಸೆಕೆಂಡನ್ನು ನೆನಪಿಟ್ಟುಕೊಂಡು ಮತ್ತೆ ಕಿನ್ನೆಬ್ರೂಕ್ ಹತ್ತಿರ ಬನ್ನಿ. ಇಲ್ಲೇ ಪ್ರಕರಣ ಸಿಕ್ಕು ಬೀಳುವುದು. ಅವನ ನರ ನಿಧಾನ, ಆದ್ದರಿಂದ ತಡವಾಯಿತು ಎಂದು ಎಷ್ಟೋ ಕಡೆ ಬರೆದಿರುತ್ತದೆ. ಕಂಡು, ತಿಳಿದು, ಕೈ ಆಡಿಸುವ ಇಡೀ ಕೆಲಸಕ್ಕೇ 0.2 ಸೆಕೆಂಡ್ ಸಾಕಾದರೆ, ಇಬ್ಬರು ಮನುಷ್ಯರ ನಡುವೆ 0.8, 1.2 ಎಂಬ ಅಂತರ ಎಲ್ಲಿಂದ ಬಂತು? ಅದೂ ಒಂದು ಇಡೀ ವರ್ಷ ಸರಿ ಇದ್ದು ಆಮೇಲೆ ಬರಲು ಅವನ ನರ ಆಗಸ್ಟ್ ತಿಂಗಳಲ್ಲಿ ಉದ್ದವಾಯಿತೇ?

ಹೆಣಿಗೆ ಕಡ್ಡಿ

ಇಲ್ಲಿಗೆ ವುಂಟ್ ಬರುತ್ತಾನೆ. ವೈದ್ಯ ಓದಿದವನು. ಹೆಲ್ಮ್‌ಹೋಲ್ಟ್ಸ್ 1858ರಲ್ಲಿ ಹೈಡೆಲ್‌ಬರ್ಗ್‌ಗೆ ಹೋದಾಗ ಅಲ್ಲಿ ಅವನಿಗೆ ಸಹಾಯಕನಾಗಿದ್ದ. ಅವನೂ ಸಹಾಯಕನೇ, ನೋಡಿ. 1861ರಲ್ಲಿ ಅವನು ಖಗೋಳದವರ ಈ ಒಗಟನ್ನು ಕೈಗೆತ್ತಿಕೊಂಡ. ಲೈಪ್ಜಿಗ್‌ಗೂ ಹದಿನೆಂಟು ವರ್ಷ ಮುಂಚೆ.

ಉಪಕರಣ ಮನೆಯದೇ. ಒಂದು ಲೋಲಕದ ಗಡಿಯಾರ. ಲೋಲಕದ ಕೋಲಿಗೆ ಅಡ್ಡಲಾಗಿ ಒಂದು ಹೆಣಿಗೆ ಕಡ್ಡಿ ಸಿಕ್ಕಿಸಿದ, ಸ್ವೆಟರ್ ಹೆಣೆಯುತ್ತಾರಲ್ಲ, ಆ ಕಡ್ಡಿ. ಲೋಲಕ ತೂಗುತ್ತಾ ಹೋಗುವಾಗ ಒಂದು ಜಾಗದಲ್ಲಿ ಕಡ್ಡಿ ಗಂಟೆಗೆ ತಾಗಿ ಟಿಣ್ ಅನ್ನುತ್ತದೆ. ಲೋಲಕದ ತುದಿಯ ಹಿಂದೆ ಅಳತೆಯ ಪಟ್ಟಿ. ಟಿಣ್ ಎಂದು ಕೇಳಿದಾಗ ಲೋಲಕ ಪಟ್ಟಿಯ ಯಾವ ಗುರುತಿನ ಮೇಲಿತ್ತು? ಗ್ರೀನಿಚ್‌ನ ರಾತ್ರಿಯನ್ನೇ ಮೇಜಿನ ಮೇಲೆ ಇಳಿಸಿದ ಹಾಗೆ. ನಕ್ಷತ್ರದ ಬದಲು ಲೋಲಕ, ಟಕ್ ಬದಲು ಟಿಣ್. ಒಂದೇ ವ್ಯತ್ಯಾಸ: ನಿಜವಾಗಿ ಸದ್ದು ಎಲ್ಲಿ ಆಯಿತು ಎಂದು ಇಲ್ಲಿ ಮೊದಲೇ ಗೊತ್ತು. ಗ್ರೀನಿಚ್‌ನಲ್ಲಿ ಇಲ್ಲದ ಮೂರನೆಯ ಸಾಕ್ಷಿ ಇಲ್ಲಿದೆ.

ವುಂಟ್ ತನ್ನ ಮೇಲೇ ನೋಡಿಕೊಂಡ. ಸದ್ದು ಆದ ಜಾಗದಲ್ಲಿ ಲೋಲಕ ಅವನಿಗೆ ಕಾಣಲಿಲ್ಲ. ಬೇರೆ ಜಾಗದಲ್ಲಿ ಕಂಡಿತು. ಹೊತ್ತಿಗೆ ಪರಿವರ್ತಿಸಿದರೆ ಸುಮಾರು ಸೆಕೆಂಡಿನ ಎಂಟನೇ ಒಂದು ಭಾಗ. ಅವನ ವಿವರಣೆ ಹೀಗಿತ್ತು: ಸದ್ದು, ನೋಟ, ಎರಡಕ್ಕೂ ಒಂದೇ ಕ್ಷಣದಲ್ಲಿ ಗಮನ ಕೊಡಲು ಮನಸ್ಸಿಗೆ ಆಗುವುದಿಲ್ಲ. ಒಂದನ್ನು ಹಿಡಿದು ಆಮೇಲೆ ಇನ್ನೊಂದನ್ನು ಹಿಡಿಯುತ್ತದೆ. ಆ ದಾಟುವಿಕೆಗೆ ಹೊತ್ತು ಬೇಕು. ಇದಕ್ಕೆ ಅವನು ವಿಚಾರದ ವೇಗ ಎಂದು ಹೆಸರಿಟ್ಟು, ಮಾರನೇ ವರ್ಷ ಮನೆಮಂದಿ ಓದುವ ಪತ್ರಿಕೆಯಲ್ಲಿ ಲೇಖನವನ್ನೇ ಬರೆದ. ವಯಸ್ಸು ಮೂವತ್ತು, ಉತ್ಸಾಹ ಜಾಸ್ತಿ. ಒಬ್ಬನ ಮೇಲೆ ನೋಡಿ ಇಡೀ ಮನುಷ್ಯಕುಲದ ವಿಚಾರದ ವೇಗ ಹೇಳಿದ್ದು ಸ್ವಲ್ಪ ಅತಿಯೇ ಆಯಿತು.

ಆದರೂ ಕಿನ್ನೆಬ್ರೂಕ್ ಪ್ರಕರಣಕ್ಕೆ ಇದು ನಿಜವಾದ ಸುಳಿವು ಕೊಡುತ್ತದೆ. ಗಮನ ಅಭ್ಯಾಸಕ್ಕೆ ಸಿಕ್ಕುವ ವಸ್ತು, ನರದ ಹಾಗೆ ಸ್ಥಿರವಲ್ಲ. ಒಬ್ಬ ಟಕ್‌ಗೆ ಕಾದು ಆಮೇಲೆ ನಕ್ಷತ್ರ ನೋಡುತ್ತಾನೆ. ಇನ್ನೊಬ್ಬ ನಕ್ಷತ್ರವನ್ನೇ ಹಿಡಿದುಕೊಂಡು ಟಕ್‌ಗೆ ಕಿವಿ ಕೊಡುತ್ತಾನೆ. ಒಂಟಿಯಾಗಿ, ನಿದ್ದೆಗೆಟ್ಟು, ಸಾವಿರಾರು ಸಲ ಅದೇ ಕೆಲಸ ಮಾಡುವವನು ಗೊತ್ತಿಲ್ಲದೆ ಒಂದು ರೂಢಿಯಿಂದ ಇನ್ನೊಂದಕ್ಕೆ ಜಾರಬಹುದು. ಆಗಸ್ಟ್‌ನಲ್ಲಿ ಶುರುವಾಗಿ ಜನವರಿಗೆ ಬೆಳೆಯುವ ಅಂತರಕ್ಕೆ ಇಂಥ ಜಾರುವಿಕೆ ಹೊಂದುತ್ತದೆ.

ಇಷ್ಟಾದರೂ ಎಂಟನೇ ಒಂದು ಭಾಗದಿಂದ 0.8 ತುಂಬುವುದಿಲ್ಲ. ಉಳಿದದ್ದಕ್ಕೆ ನಾನು ಬೆಸೆಲ್‌ನ ಇನ್ನೊಂದು ಪ್ರಯೋಗದ ಕಡೆ ನೋಡುತ್ತೇನೆ. ಅರ್ಧ ಸೆಕೆಂಡಿಗೊಮ್ಮೆ ಟಕ್ ಅನ್ನುವ ಗಡಿಯಾರ ಇಟ್ಟುಕೊಂಡು ನೋಡಿದಾಗ ಅವನು ಮೊದಲಿಗಿಂತ ಸುಮಾರು ಅರ್ಧ ಸೆಕೆಂಡ್ ತಡವಾಗಿ ಬರೆದ. ಅಂದರೆ ಉಳಿದವರ ಜೊತೆಗಿನ ಅವನ ಅಂತರ ಅಷ್ಟು ಇಳಿಯಿತು. ಗಡಿಯಾರದ ಬಡಿತ ಬದಲಾದರೆ ಮನುಷ್ಯನ ನರ ಬದಲಾಗುವುದಿಲ್ಲ. ಬದಲಾಗುವುದು ಎಣಿಕೆ. ಯಾವ ಟಕ್‌ಗೆ ಯಾವ ಅಂಕಿ ಸೇರಿಸುತ್ತೀರಿ, ಟಕ್ ಶುರುವಾದಾಗಲೋ ಮುಗಿದಾಗಲೋ ಅಂಕಿ ಬದಲಿಸುತ್ತೀರಿ, ಎಂಬುದರಲ್ಲೇ ಒಂದು ಇಡೀ ಬಡಿತ ಅತ್ತಿತ್ತ ಆಗಬಹುದು. ಈ ರೂಢಿಯನ್ನು ಯಾರೂ ಬರೆದು ಕಲಿಸುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಕಲಿಯಬೇಕಿತ್ತು. ತಾಳ ಹಾಕುವುದನ್ನು ಕಲಿತವರಿಗೆ ಇದು ತಿಳಿಯುತ್ತದೆ: ಇಬ್ಬರದೂ ಲಯ ತಪ್ಪಿಲ್ಲ, ಆದರೆ ಎತ್ತುಗಡೆ ಬೇರೆ.

ಹಾಗಾಗಿ ನನ್ನ ತೀರ್ಪು ಇದು. ಬ್ರಾಡ್ಲಿಯ ದಾರಿ ಬಿಟ್ಟು ತನ್ನದೇ ದಾರಿ ಹಿಡಿದಿರಬೇಕು ಎಂಬ ಮ್ಯಾಸ್ಕೆಲಿನ್‌ನ ಊಹೆ ಅಷ್ಟೇನೂ ಮೂರ್ಖತನದ್ದಲ್ಲ. ಅದು ತಿದ್ದಲಾಗದ ದೋಷ ಎಂದುಕೊಂಡದ್ದು ತಪ್ಪು. ತನ್ನದು ಯಾವ ದಾರಿ ಎಂದು ಕೇಳಿಕೊಳ್ಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಮೇಷ್ಟ್ರು ಕೂತರು, ಹುಡುಗ ಅಳೆದ

ವುಂಟ್ 1875ರಲ್ಲಿ ಲೈಪ್ಜಿಗ್‌ಗೆ ಪ್ರೊಫೆಸರ್ ಆಗಿ ಬಂದ. 1879ರ ಪ್ರಯೋಗಾಲಯ ಎಂದರೆ ದೊಡ್ಡ ಕಟ್ಟಡ ಕಣ್ಣ ಮುಂದೆ ಬರಬಹುದು. ಇದ್ದದ್ದು ವಿಶ್ವವಿದ್ಯಾಲಯದ ಹಳೇ ಕಟ್ಟಡದ ಸಣ್ಣ ಜಾಗ. ಆ ಚಳಿಗಾಲ ಮ್ಯಾಕ್ಸ್ ಫ್ರೀಡ್ರಿಶ್ ಎಂಬ ವಿದ್ಯಾರ್ಥಿ ಅಲ್ಲಿ ಕೆಲಸ ಶುರು ಮಾಡಿದ. ಅವನ ಪ್ರಬಂಧದ ವಿಷಯ, ಬಣ್ಣವನ್ನೋ ಅಂಕಿಯನ್ನೋ ತೋರಿಸಿದಾಗ ಅದು ಇಂಥದ್ದು ಎಂದು ಗುರುತಿಸಲು ಎಷ್ಟು ಹೊತ್ತು ಬೇಕು ಎನ್ನುವುದು. ಅಳೆಯಲು ಇದ್ದದ್ದು ಹಿಪ್‌ನ ಅದೇ ಗಡಿಯಾರ, ಖಗೋಳದವರಿಂದ ಬಂದದ್ದು.

ಯಾರ ಮೇಲೆ ಪ್ರಯೋಗ? ಗೆಳೆಯರ ಮೇಲೆ, ತನ್ನ ಮೇಲೆ, ಮತ್ತು ಪ್ರೊಫೆಸರ್ ವುಂಟ್ ಮೇಲೆ. ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು, ಶಿಷ್ಯ ಅವರ ಹೊತ್ತು ಬರೆದುಕೊಳ್ಳುತ್ತಿದ್ದ. ಲೈಪ್ಜಿಗ್‌ನಲ್ಲಿ ಇದು ರೂಢಿ. ಇವತ್ತು ಪ್ರಯೋಗ ಮಾಡಿದವನು ನಾಳೆ ಪ್ರಯೋಗಕ್ಕೆ ಕೂರುತ್ತಿದ್ದ. ಪ್ರಕಟಿಸುವಾಗಲೂ ಯಾರ ಅಂಕಿ ಯಾರದು ಎಂದು ಗೊತ್ತಾಗುತ್ತಿತ್ತು. ಮೇಷ್ಟ್ರದು ಸೊನ್ನೆ, ಉಳಿದವರದು ತಪ್ಪು ಎಂಬ ಲೆಕ್ಕ ಅಲ್ಲಿರಲಿಲ್ಲ.

ಅಲ್ಲಿಂದ ಒಂದು ಕವಲು ನಮ್ಮ ಕಡೆಗೂ ಬಂದಿದೆ. ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ 1906ರಲ್ಲಿ ಡಾಕ್ಟರೇಟ್ ಪಡೆದದ್ದು ಲೈಪ್ಜಿಗ್‌ನಲ್ಲಿ, ವುಂಟ್ ಹತ್ತಿರ. ಸ್ಪಿಯರ್‌ಮನ್ ಹತ್ತಿರ ಲಂಡನ್ನಿನಲ್ಲಿ ಕಲಿತವರು ಎಂ. ವಿ. ಗೋಪಾಲಸ್ವಾಮಿ. ಬ್ರಜೇಂದ್ರನಾಥ ಸೀಲ್ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಗೋಪಾಲಸ್ವಾಮಿಯವರು. ಅವರ ಹೆಸರು ಕೇಳಿದ ತಕ್ಷಣ ಮೈಸೂರಿನವರಿಗೆ ನೆನಪಾಗುವುದು ಮನಶ್ಶಾಸ್ತ್ರ ಅಲ್ಲ, 1935ರಲ್ಲಿ ಅವರು ಮನೆಯಲ್ಲೇ ಶುರು ಮಾಡಿದ ರೇಡಿಯೋ, 'ಆಕಾಶವಾಣಿ'. ಅದು ಬೇರೆಯೇ ಕಥೆ.

ನಮ್ಮ ಕಾಲೇಜುಗಳ ಮನಶ್ಶಾಸ್ತ್ರ ಪ್ರಾಕ್ಟಿಕಲ್‌ನಲ್ಲಿ ರಿಯಾಕ್ಷನ್ ಟೈಮ್ ಪ್ರಯೋಗ ಇರುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ ಕೂರಿಸುತ್ತಾರೆ. ಒಬ್ಬರು ದೀಪ ಹೊತ್ತಿಸುತ್ತಾರೆ, ಎದುರಿಗಿರುವವರು ಗುಂಡಿ ಒತ್ತುತ್ತಾರೆ, ಹೊತ್ತು ರೆಕಾರ್ಡ್ ಬುಕ್ಕಿಗೆ ಏರುತ್ತದೆ. ಅರ್ಧ ಆದ ಮೇಲೆ ಎದ್ದು ಜಾಗ ಬದಲಾಯಿಸಿಕೊಳ್ಳುತ್ತಾರೆ.